ಹಾಡು ಉಳಿಯಲು ಗುಲಾಮಗಿರಿ ಬೇಕೆ?

ಹರಪನಹಳ್ಳಿ ಸೀಮೆಯಲ್ಲಿ ಪಡಲಿಗೆ ಹೊತ್ತು, ಚೌಡಿಕೆಯ ತಂತಿ ಮಿಡಿದು, ಎಲ್ಲಮ್ಮನ ಕಥೆ ಹಾಡುವ ಜೋಗತಿಯರನ್ನು ಕಾಣದವರುಂಟೆ? ಮುತ್ತು ಕಟ್ಟುವ ಪದ್ಧತಿ ನಿಂತರೆ ಈ ಹಾಡೂ ಅಳಿಯುತ್ತದೆಂದು ಕೆಲವು ಕಲಾಪ್ರೇಮಿಗಳು ಗೋಳಿಡುತ್ತಾರೆ. ಅಂದರೆ, ಬಡವರ ಹೆಣ್ಣುಮಗು ದೇವರ ಹೆಸರಿನಲ್ಲಿ ಊರ ದೊಡ್ಡವರ ಪಾಲಾಗಬೇಕು. ಈ ಮಹನೀಯರ ಕಿವಿಗೆ ಇಂಪಾಗಬೇಕು!

ಈ ವಾದ ಶುದ್ಧ ಸುಳ್ಳು. ಅಮೇರಿಕದ ಬ್ಲೂಸ್ ಸಂಗೀತವೇ ಇದಕ್ಕೆ ಸಾಕ್ಷಿ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ಹತ್ತಿಯ ಹೊಲಗಳಲ್ಲಿ ಹಾಡಿಕೊಂಡ ದುಡಿಮೆಯ ಹಾಡುಗಳಲ್ಲಿ ಅದರ ಬೇರಿದೆ. ಆದರೆ ಬ್ಲೂಸ್ ರೂಪುಗೊಂಡದ್ದು 1865ರಲ್ಲಿ ಗುಲಾಮಗಿರಿ ರದ್ದಾದ ನಂತರದ ದಶಕಗಳಲ್ಲಿ. ಸಂಕೋಲೆ ಕಳಚಿತು, ಹಾಡು ಸಾಯಲಿಲ್ಲ, ಬೆಳೆಯಿತು. ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋಗೆ ಬಂದು, ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಹಾಡಿದ. ಹಳ್ಳಿಯ ಹಾಡಿಗೆ ವಿದ್ಯುತ್ ಗಿಟಾರಿನ ಗಂಟಲು ಬಂತು. 1958ರಲ್ಲಿ ಅದನ್ನು ಅಟ್ಲಾಂಟಿಕ್ ದಾಟಿಸಿ ಇಂಗ್ಲೆಂಡಿಗೆ ಒಯ್ದ. ಅಲ್ಲಿ 1962ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಹೆಸರನ್ನೇ ಆತನ ಹಾಡಿನಿಂದ ತೆಗೆದುಕೊಂಡಿತು.

ಆದರೆ ಸಂಕೋಲೆ ಕಳಚಿದರಷ್ಟೇ ಸಾಲದು. ಬೆಸ್ಸಿ ಸ್ಮಿತ್ ಎಂಬ ಮಹಾಗಾಯಕಿಯ ಗ್ರಾಮಾಫೋನ್ ತಟ್ಟೆಗಳು 1923ರಿಂದ ಲಕ್ಷಗಟ್ಟಲೆ ಮಾರಿದುವು. ಆಕೆಗೆ ಸಿಕ್ಕಿದ್ದು ಹಾಡಿಗಿಷ್ಟು ಎಂಬ ಕೂಲಿ; ಮಾರಾಟದ ಲಾಭದಲ್ಲಿ ಪಾಲಿಲ್ಲ. 1937ರಲ್ಲಿ ತೀರಿಕೊಂಡ ಆಕೆಯ ಗೋರಿಗೆ 1970ರವರೆಗೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ!

ಇನ್ನು ನಮ್ಮ ಮಾತು. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗಲೇ, 1947ರಲ್ಲಿ, ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯಾಯಿತು. 1982ರಲ್ಲಿ ಕರ್ನಾಟಕವೂ ಅಂಥದೇ ಕಾಯಿದೆ ಮಾಡಬೇಕಾಯಿತು. ಒಂದೇ ಅನ್ಯಾಯಕ್ಕೆ ಎರಡು ಸಲ ಕಾಯಿದೆ ಏತಕ್ಕೆ ಬೇಕಾಯಿತು? ಕಾಗದ ಬದಲಾಯಿತು, ಬಡತನ ಬದಲಾಗಲಿಲ್ಲ.

ನೆರೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆ. ಆದರೆ ಒಬ್ಬರ ಎದೆಯ ಪದಕದಿಂದ ನೂರು ಮನೆಯ ಒಲೆ ಉರಿಯದು.

ಗಿರಣಿಯ ಬಾಂಧವರೇ, ಕೂಲಿಯಿಲ್ಲದೆ ನೀವು ಪಾಳಿ ಮುಗಿಸುವಿರಾ? ಅಂಗಡಿಯ ಬಾಂಧವರೇ, ಚಪ್ಪಾಳೆಗೆ ಅಕ್ಕಿ ಅಳೆಯುವಿರಾ? ಹಾಗಾದರೆ ಜೋಗತಿಯ ಕೊರಳಿಗೆ ಮಾತ್ರ ಬೆಲೆಯೇಕೆ ಇಲ್ಲ? ವೇದಿಕೆ ಹತ್ತಿಸಿದವರು ಶಾಲಿನ ಜೊತೆ ಸಂಭಾವನೆಯನ್ನೂ ಕೊಡಲಿ. ಹಾಡನ್ನು ಮುದ್ರಿಸಿ ಮಾರಿದವರು ಲಾಭದಲ್ಲಿ ಪಾಲು ಕೊಡಲಿ. ಆಕೆಯ ಮಗಳು ಶಾಲೆಗೆ ಹೋಗಲಿ; ಇಷ್ಟವಿದ್ದರೆ ಚೌಡಿಕೆ ಕಲಿಯಲಿ, ಇಲ್ಲವಾದರೆ ಬಿಡಲಿ.

ಹಾಡು ಉಳಿಯಬೇಕು, ನಿಜ. ಮೊದಲು ಹಾಡುವವಳು ಉಳಿಯಲಿ!