ಸಕ್ಕರೆ ಯಾಕೆ ದ್ರವ ಅಲ್ಲ?

ತುಂಬಾ ದಿನ ಆಯ್ತು ಇಲ್ಲಿ ಏನೂ ಗೀಚದೆ. ಇವತ್ತು ಬರೀದೇ ಇದ್ರೆ ನಿದ್ದೆ ಬರೋ ಹಾಗಿಲ್ಲ, ಅದಕ್ಕೇ ಕೂತಿದ್ದೀನಿ.

ಆರನೇ ಕ್ಲಾಸಿನ ನನ್ನ ಮಗಳು ಮೊನ್ನೆ ವಿಜ್ಞಾನದ ಟೆಸ್ಟ್ ಪೇಪರ್ ತಂದು "ಅಪ್ಪಾ, ಸಹಿ ಹಾಕು" ಅಂದ್ಳು. 'ದ್ರವಕ್ಕೆ ಎರಡು ಉದಾಹರಣೆ ಕೊಡಿ' ಅನ್ನೋ ಪ್ರಶ್ನೆಗೆ 'ನೀರು, ಸಕ್ಕರೆ' ಅಂತ ಬರೆದಿದ್ಳು. ಸಕ್ಕರೆ ಮೇಲೆ ಕೆಂಪು ಗೀಟು. ನಾನೂ ನಕ್ಕೆ. ಅವಳು ನಗಲಿಲ್ಲ.

"ದ್ರವ ಪಾತ್ರೆಯ ಆಕಾರ ಪಡೆಯುತ್ತೆ, ಸುರಿಯಬಹುದು ಅಂತ ತಾನೇ ಬರೆಸಿದ್ದು? ಸಕ್ಕರೆ ಡಬ್ಬದಲ್ಲಿ ಡಬ್ಬದ ಥರ, ಲೋಟದಲ್ಲಿ ಲೋಟದ ಥರ ಇರತ್ತೆ. ಸುರೀಬಹುದು ಕೂಡ. ಮಿಸ್ಸನ್ನ ಕೇಳಿದ್ರೆ, ನೋಟ್ಸಲ್ಲಿ ಇರೋದನ್ನ ಬರಿ ಅಂದ್ರು."

ನನ್ನ ನಗು ಅಲ್ಲೇ ನಿಂತುಹೋಯ್ತು. ಉತ್ತರ ತಪ್ಪು, ಒಪ್ಕೋತೀನಿ. ಆದ್ರೆ ಅವಳು ಮಾಡಿದ್ದು ಏನು? ಕೊಟ್ಟ ವ್ಯಾಖ್ಯೆಯನ್ನ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಪರೀಕ್ಷೆ ಮಾಡಿದ್ದು. ವಿಜ್ಞಾನ ಅಂದ್ರೆ ಅದೇ ಅಲ್ವಾ ಸ್ವಾಮೀ? ಬಾಯಿಪಾಠ ಮಾಡಿದ ಮಕ್ಕಳಿಗೆಲ್ಲ ಪೂರ್ತಿ ಅಂಕ, ಯೋಚಿಸಿದವಳಿಗೆ ಗೀಟು!

ಉತ್ತರ ತೋರಿಸೋಕೆ ನಮಗೆ ಐದು ನಿಮಿಷವೂ ಬೇಕಾಗಲಿಲ್ಲ. ಒಂದು ತಟ್ಟೆಗೆ ನೀರು ಸುರಿದ್ವಿ, ಸಮನಾಗಿ ಹರಡಿಕೊಳ್ತು. ಇನ್ನೊಂದಕ್ಕೆ ಸಕ್ಕರೆ ಸುರಿದ್ವಿ, ಗುಡ್ಡೆಯಾಗಿ ನಿಂತಿತು. ಭೂತಗನ್ನಡಿ ಹಿಡಿದು ನೋಡಿದ್ರೆ ಒಂದೊಂದು ಹರಳಿಗೂ ಅಂಚು, ಮೂಲೆ. "ಓ, ಹರಳಿನ ಆಕಾರ ಬದಲಾಗಲ್ಲ, ರಾಶಿಯ ಆಕಾರ ಮಾತ್ರ ಬದಲಾಗೋದು!" ಅಂದ್ಳು. ಹಂಗಾದ್ರೆ ಮರಳು, ರಾಗಿ, ಉಪ್ಪು ಎಲ್ಲಾ ಘನಾನೇ ಅಂತ ತಾನೇ ಹೇಳಿದ್ಳು. ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ಇದೊಂದೇ ಅಲ್ಲ. ಕಾಫಿಗೆ ಹಾಕಿದ ಸಕ್ಕರೆನೂ 'ಕರಗುತ್ತೆ', ಫ್ರಿಜ್ಜಿಂದ ಹೊರಗಿಟ್ಟ ಐಸೂ 'ಕರಗುತ್ತೆ'. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಐಸಿಗೆ ಬಿಸಿ ಸಾಕು, ಅದು ತಾನೇ ದ್ರವವಾಗತ್ತೆ. ಸಕ್ಕರೆಗೆ ನೀರು ಬೇಕು, ಅದರ ಕಣಗಳು ನೀರಿನ ಕಣಗಳ ನಡುವೆ ಸೇರಿಕೊಳ್ತವೆ. ನೀರು ಆರಿಹೋದ್ರೆ ಸಕ್ಕರೆ ವಾಪಸ್ ಸಿಗತ್ತೆ. ಇದನ್ನ ತೋರಿಸದೆ ಬರೀ ದೊಡ್ಡ ದೊಡ್ಡ ಪಾರಿಭಾಷಿಕ ಪದ ಬರೆಸಿದ್ರೆ ಮಕ್ಕಳ ತಲೆಗೆ ಏನು ಹೋಗತ್ತೆ?

ಇನ್ನೊಂದು ನೋಡಿ. ನೀರು ಕುದಿಯೋದು 100 ಡಿಗ್ರಿಗೆ ಅಂತ ಎಲ್ಲರೂ ಬರೀತಾರೆ. ಅದು ಸಮುದ್ರಮಟ್ಟದ ಲೆಕ್ಕ. ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ. ಹಾಗಾಗಿ ಇಲ್ಲಿ ಸುಮಾರು 97ಕ್ಕೇ ಕುದಿಯತ್ತೆ. ಥರ್ಮಾಮೀಟರ್ ಇಟ್ಟು ನೋಡಿ 97 ಅಂತ ಬರೆದ ಮಗುವಿಗೂ ಗೀಟೇ ಗತಿ!

"ನಲವತ್ತು ಮಕ್ಕಳು, ಮುಗಿಸಬೇಕಾದ ಪೋರ್ಷನ್, ನಿಮಗೇನ್ರೀ ಗೊತ್ತು ನಮ್ಮ ಕಷ್ಟ?" ಅಂತ ಮೇಷ್ಟ್ರಾಗಿರೋ ಗೆಳೆಯ ಬೈದ. ಕಷ್ಟ ಇದೆ, ಇಲ್ಲ ಅನ್ನಲ್ಲ. ಚಿಕ್ಕ ಮಕ್ಕಳಿಗೆ ಸರಳವಾಗೇ ಹೇಳಬೇಕು, ಅದೂ ಸರಿ. ಆದ್ರೆ 'ಯಾಕೆ ಸಕ್ಕರೆ ಅಂತ ಬರೆದೆ ಪುಟ್ಟಾ?' ಅಂತ ಒಂದು ಮಾತು ಕೇಳೋಕೆ ಪ್ರಯೋಗಾಲಯ ಬೇಕಾ?

ಪೇಪರಿಗೆ ಸಹಿ ಹಾಕಿದೆ. ಅಂಕ ಹಾಕಿ ಅಂತ ಜಗಳಕ್ಕೆ ಹೋಗಲ್ಲ. ಆದ್ರೆ ಮುಂದಿನ ಟೆಸ್ಟಿಗೆ ಅವಳು "ನೋಟ್ಸಲ್ಲಿ ಇರೋದನ್ನೇ ಬರೀತೀನಿ ಬಿಡಪ್ಪಾ" ಅಂದ್ಳು ನೋಡಿ, ನನಗೆ ನಿದ್ದೆ ಬರದೇ ಇರೋದು ಆ ಮಾತಿಗೆ.

ನಿಮ್ಮ ಮಕ್ಕಳೂ ಇಂಥ 'ತಪ್ಪು' ಉತ್ತರ ಬರೆದಿದ್ದಾರಾ? ಇದ್ರೆ ಕಾಮೆಂಟಲ್ಲಿ ಹಾಕಿ. ನನ್ನ ಮಗಳಿಗೆ ಓದಿ ಹೇಳ್ತೀನಿ.