ಕಲಿತ ಕೈ ಏಕೆ ನಿಲ್ಲುವುದಿಲ್ಲ?

ಕಳೆದ ಖಂಡೇನವಮಿಯಂದು ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಸಣ್ಣ ಯಂತ್ರಶಾಲೆಗೆ ಪೂಜೆಯ ನಿಮಿತ್ತ ಹೋಗಿದ್ದೆ. ಅದರ ಒಡೆಯರು ಬಾಲ್ಯದಲ್ಲಿ ನನ್ನೊಡನೆ ಒಂದೇ ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವರು. ಮುಂದೆ ನಾನು ಪಾಠಶಾಲೆಯ ಹಾದಿ ಹಿಡಿದೆ. ಅವರು ಐಟಿಐ ಸೇರಿ ಲೇಥ್ ಯಂತ್ರದ ಮುಂದೆ ನಿಂತರು. ಅಂದು ಅವರ ಶಾಲೆಯ ಎಂಟೂ ಯಂತ್ರಗಳಿಗೆ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಪೂಜೆ ಮುಗಿದ ಬಳಿಕ ಅವರು ಮೂರು ಯಂತ್ರಗಳತ್ತ ಕೈ ತೋರಿಸಿ ಹೇಳಿದರು: “ಇವು ನಾಳೆಯೂ ಹೀಗೆಯೇ ಮಾಲೆ ಹಾಕಿಕೊಂಡು ಸುಮ್ಮನೆ ನಿಂತಿರುತ್ತವೆ. ಕೆಲಸಕ್ಕೆ ಕೊರತೆಯಿಲ್ಲ, ಕೈಗಳಿಲ್ಲ. ಹುಡುಗರು ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಇನ್ನು ಮೇಲೆ ಕಲಿಸುವುದನ್ನೇ ಬಿಡಬೇಕೆಂದಿದ್ದೇನೆ.”

ಈ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ವಿದ್ಯೆಯನ್ನು ಕೊಡುವವನೇ ಕೈ ಮುಚ್ಚಿದರೆ ಆ ವಿದ್ಯೆಯ ಗತಿಯೇನು? ಈ ತಿಂಗಳ ಅಂಕಣವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇನೆ.

ಉದ್ಯಮಬಾಗವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಬೆಳಗಾವಿಯ ಟಿಳಕವಾಡಿಯನ್ನು ದಾಟಿ ಖಾನಾಪುರ ರಸ್ತೆಯಲ್ಲಿ ಮುಂದೆ ಸಾಗಿದರೆ ಈ ಪ್ರದೇಶ ಸಿಗುತ್ತದೆ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು, ಆ ಎರಕವನ್ನು ಕೊರೆದು ನಯಗೊಳಿಸುವ ಯಂತ್ರಶಾಲೆಗಳು ಇಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವೂ ಇಲ್ಲಿಯೇ ಇದೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಎಷ್ಟೋ ತರುಣರು ಬೆಳಗಿನ ಬಸ್ಸು ಹಿಡಿದು ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಆದರೆ ಬೆಳಗಾವಿಯಿಂದ ಒಂದು ಹೆದ್ದಾರಿ ಕೊಲ್ಲಾಪುರ, ಪುಣೆಗಳತ್ತ ಹೋಗುತ್ತದೆ. ಇನ್ನೊಂದು ದಾರಿ ಗೋವೆಗೆ ಇಳಿಯುತ್ತದೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಕೈ ಪಳಗಿದ ತರುಣನಿಗೆ ಬಾಗಿಲುಗಳು ಅನೇಕ. ದೊಡ್ಡ ಕಾರಖಾನೆ ಕೊಡುವ ಬಸ್ಸು, ಊಟ, ಸಮವಸ್ತ್ರಗಳನ್ನು ಐದಾರು ಜನರ ಸಣ್ಣ ಶಾಲೆ ಕೊಡಲಾರದು. ಹಾಗಾದರೆ ಅದು ಏನನ್ನು ಕೊಡಬಲ್ಲದು?

ಅಂದು ಪ್ರಸಾದಕ್ಕೆ ಕುಳಿತಾಗ ನನ್ನ ಪಕ್ಕದಲ್ಲಿ ಖಾನಾಪುರದ ಕಡೆಯ ಒಬ್ಬ ತರುಣನಿದ್ದ. ಅವನೂ ಮುಂದಿನ ತಿಂಗಳು ಹೊರಡುವ ಯೋಚನೆಯಲ್ಲಿದ್ದ. ಪಗಾರ ಸಾಲದೇ ಎಂದು ಕೇಳಿದೆ. ಅವನು ತುಸು ತಡೆದು ಹೇಳಿದ: “ಪಗಾರ ಇನ್ನಷ್ಟು ಇದ್ದರೆ ಒಳ್ಳೆಯದೇ. ಆದರೆ ಎರಡು ವರ್ಷದಿಂದ ಒಂದೇ ತೂತು ಕೊರೆಯುತ್ತಿದ್ದೇನೆ, ಅಜ್ಜಾರೆ. ನಕಾಶೆಯನ್ನು ಓದಲು ಯಾರೂ ಹೇಳಿಕೊಟ್ಟಿಲ್ಲ. ಮೈಕ್ರೋಮೀಟರನ್ನು ಮಾಲಿಕರು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ.” ಕಲಿಸಿ ಸೋತೆನೆಂದು ಒಡೆಯರು ತಿಳಿದಿದ್ದರು, ಕಲಿಯಲು ಸಿಗಲಿಲ್ಲವೆಂದು ಹುಡುಗ ನೊಂದಿದ್ದ. ಇಬ್ಬರೂ ಸುಳ್ಳಾಡುವವರಲ್ಲ. ತಮಗೆ ಬೇಕಾದಷ್ಟನ್ನು ಒಡೆಯರು ಕಲಿಸಿದ್ದರು. ಅವನಿಗೆ ಬೇಕಾದದ್ದನ್ನು ಕಪಾಟಿನಲ್ಲಿಟ್ಟಿದ್ದರು. ಪೂರ್ತಿ ಕಲಿತರೆ ಹೋಗಿಯಾನು ಎಂಬ ಭಯ ಅವರದು. ಆ ಭಯವೇ ಅವನನ್ನು ಹೊರಗೆ ಅಟ್ಟುತ್ತಿತ್ತು.

ಮಠದ ಪಾಠಶಾಲೆಯಲ್ಲಿ ನಾನು ಕಂಡ ರೀತಿ ಬೇರೆ. ಅಲ್ಲಿ ಹಿರಿಯ ವಟು ಕಿರಿಯನಿಗೆ ಪಾಠ ಹೇಳುತ್ತಿದ್ದ. ಈತ ಮುಂದೆ ಬೇರೆ ಮಠಕ್ಕೆ ಹೋದಾನೆಂದು ಯಾರೂ ವಿದ್ಯೆಯನ್ನು ಅಡಗಿಸುತ್ತಿರಲಿಲ್ಲ. ಕೆಲವರು ಹೋದರು ನಿಜ. ಹೋದವರು ಕಲಿತ ಮನೆಯ ಹೆಸರನ್ನು ಹೇಳಿಕೊಂಡರು, ತಮ್ಮ ಊರಿನ ಮಕ್ಕಳನ್ನು ಅದೇ ಮನೆಗೆ ಕಳುಹಿಸಿದರು. ಯಂತ್ರಶಾಲೆಯ ವಿಷಯದಲ್ಲಿಯೂ ಇದು ನಡೆಯಬಲ್ಲ ಮಾತು. ನನ್ನ ಗೆಳೆಯರೇ ಬೇರೊಬ್ಬರ ಶಾಲೆಯಲ್ಲಿ ಕಲಿತು, ಹೊರಬಂದು, ತಮ್ಮದನ್ನು ಕಟ್ಟಿದವರು. ಅವರ ಹಳೆಯ ಒಡೆಯರು ಕೈ ಮುಚ್ಚಿದ್ದರೆ ಈ ಎಂಟು ಯಂತ್ರಗಳು ಎಲ್ಲಿರುತ್ತಿದ್ದವು?

ಇನ್ನು ಆಚರಣೆಗೆ ಬರುವ ಕೆಲವು ಸಂಗತಿಗಳನ್ನು ವಿವರಿಸುತ್ತೇನೆ.

ಮೊದಲನೆಯದಾಗಿ, ಕಲಿಕೆಗೆ ಒಂದು ಕ್ರಮವಿರಬೇಕು, ಅದು ಬರಹದಲ್ಲಿರಬೇಕು. ಮೊದಲ ಆರು ತಿಂಗಳು ಯಾವ ಯಂತ್ರ, ಅಳತೆ ಯಾವಾಗ, ನಕಾಶೆ ಯಾವಾಗ, ಸಿಎನ್‌ಸಿ ಯಂತ್ರ ಯಾವಾಗ, ಪ್ರತಿ ಮೆಟ್ಟಿಲಿಗೆ ಪಗಾರ ಎಷ್ಟು ಏರುತ್ತದೆ ಎಂಬುದು ಸೇರುವ ದಿನವೇ ತರುಣನಿಗೂ ಅವನ ತಂದೆತಾಯಿಗಳಿಗೂ ತಿಳಿಯಬೇಕು. ಜರ್ಮನಿಯಲ್ಲಿ ಸಣ್ಣ ಉದ್ದಿಮೆಗಳೂ ಹೀಗೆ ಲಿಖಿತ ಕರಾರಿನ ಮೇಲೆ ಶಿಷ್ಯರನ್ನು ತೆಗೆದುಕೊಳ್ಳುತ್ತವೆ. ಶಿಷ್ಯನು ವಾರದ ಕೆಲವು ದಿನ ಕಾರ್ಯಾಗಾರದಲ್ಲಿಯೂ ಉಳಿದ ದಿನ ವೃತ್ತಿಶಾಲೆಯಲ್ಲಿಯೂ ಇದ್ದು ಸುಮಾರು ಮೂರು ವರುಷ ಕಲಿಯುತ್ತಾನೆ. ನಮ್ಮಲ್ಲಿಯೂ 1961ರ ಶಿಶಿಕ್ಷು ಕಾಯಿದೆ ಇದೆ. 2019ರ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವಲ್ಲಿ ಅದು ಒಡೆಯರ ಇಚ್ಛೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರಕಾರ ವಹಿಸುತ್ತದೆ. ನನ್ನ ಗೆಳೆಯರಿಗೆ ಇದು ತಿಳಿದೇ ಇರಲಿಲ್ಲ.

ಎರಡನೆಯದಾಗಿ, ಭದ್ರತೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕೆಂದು ವಿಧಿಸಿವೆ. ಒಂದು ಹಾಳೆ ಕಾಗದವೆಂದು ಇದನ್ನು ಹಗುರವಾಗಿ ಕಾಣಬಾರದು. ಬ್ಯಾಂಕಿನ ಮುಂದೆ, ಬೀಗರ ಮುಂದೆ ತರುಣನು ತೋರಿಸಬಹುದಾದ ಆಧಾರ ಅದೊಂದೇ. ಹತ್ತು ಜನರಿರುವಲ್ಲಿ ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆ. ಅದಕ್ಕೆ ಒಡೆಯರ ಪಾಲು ಪಗಾರದ ಶೇ. 3.25, ನೌಕರನ ಪಾಲು ಶೇ. 0.75. ಹತ್ತಕ್ಕಿಂತ ಕಡಿಮೆ ಇದ್ದರೂ ಕೈ ಕಟ್ಟಿ ಕೂಡಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ ವರುಷಕ್ಕೆ 20 ರೂಪಾಯಿ ತುಂಬಿದರೆ ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಇಡೀ ಶಾಲೆಯ ಕಂತು ಒಂದು ದಿನದ ಚಹದ ಖರ್ಚನ್ನು ಮೀರುವುದಿಲ್ಲ.

ಮೂರನೆಯದು ರಜೆ. ಖಾನಾಪುರದ ಕಡೆ ಮಳೆ ಹಿಡಿದಾಗ ಭತ್ತದ ನಾಟಿ ಕಾಯುವುದಿಲ್ಲ. ಊರ ಜಾತ್ರೆಯೂ ಕಾಯುವುದಿಲ್ಲ. ರಜೆ ಸಿಗದ ಹುಡುಗ ಹೇಳದೆ ಹೋಗುತ್ತಾನೆ, ನಾಚಿಕೆಯಿಂದ ಮರಳಿ ಬರುವುದಿಲ್ಲ. ಮೊದಲೇ ಸರದಿ ಗೊತ್ತುಮಾಡಿದರೆ ನಾಲ್ಕು ದಿನದ ಕೆಲಸ ತಡವಾದೀತು, ಆದರೆ ಹುಡುಗ ಉಳಿದಾನು. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೆ ವರುಷಕ್ಕೆ 12,000. ಹೊಸಬನು ಕಲಿಯುವಾಗ ಕೆಡಿಸುವ ಎರಕ, ಮುರಿಯುವ ಟೂಲು, ತಪ್ಪುವ ವಾಯಿದೆ ಇವುಗಳನ್ನು ಕೂಡಿಸಿದರೆ ನಷ್ಟ ಎಷ್ಟಾದೀತೆಂಬುದನ್ನು ಒಡೆಯರೇ ಬಲ್ಲರು.

ನಾಲ್ಕನೆಯದನ್ನು ಕೊಡಬೇಕಾದವರು ನಾವು, ಅಂದರೆ ಈ ಪತ್ರಿಕೆಯನ್ನು ಓದುವ ಮನೆತನಗಳು. ಅದು ಗೌರವ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಆರೇಳು ವರುಷಗಳ ಹಿಂದೆ ಪರಿಚಯದ ಮನೆಯವರು ಮಗಳಿಗೆ ಬಂದ ಒಂದು ಸಂಬಂಧದ ಕುರಿತು ನನ್ನ ಅಭಿಪ್ರಾಯ ಕೇಳಿದರು. ವರ ಇದೇ ಯಂತ್ರಶಾಲೆಯಲ್ಲಿ ಟರ್ನರ್, ಗುಣವಂತ, ದುಶ್ಚಟಗಳಿಲ್ಲ. ನಾನು ಹೇಳಿದೆ: “ಹುಡುಗ ಒಳ್ಳೆಯವನೇ. ಆದರೆ ಕೈ ಕರಿಯಾಗುವ ಕೆಲಸ. ಕಚೇರಿಯ ನೌಕರಿಯವರನ್ನು ನೋಡಬಹುದಲ್ಲ.” ಸಂಬಂಧ ಮುರಿಯಿತು. ಆ ತರುಣ ಕೆಲವೇ ತಿಂಗಳಲ್ಲಿ ಪುಣೆಗೆ ಹೋದ. ವೇದಿಕೆಯ ಮೇಲೆ ಕಾಯಕದ ಮಹಿಮೆಯನ್ನು ನಲವತ್ತು ವರುಷ ಹೇಳಿಕೊಂಡು ಬಂದ ನಾಲಿಗೆಯೇ ಆ ಮಾತನ್ನು ಆಡಿತ್ತು. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ – ಶರಣರು ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡೇ ಅನುಭವ ಮಂಟಪದಲ್ಲಿ ಕುಳಿತರು. ಅವರ ವಾರಸುದಾರರೆನ್ನುವ ನಾವು ಮಗನ ಕೆಲಸವನ್ನು ಲಗ್ನಪತ್ರಿಕೆಯಲ್ಲಿ ಮರೆಮಾಡುತ್ತೇವೆ.

ಖಂಡೇನವಮಿಯ ಆ ಸಂಜೆ ಇದನ್ನು ಗೆಳೆಯರ ಮುಂದೆ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ನುಡಿದರು: “ನನ್ನ ಮಗಳಿಗೆ ವರ ನೋಡುವಾಗ ನಾನೂ ಟರ್ನರ್ ಬೇಡವೆಂದೆ. ನಾನೇ ಟರ್ನರ್ ಆಗಿದ್ದವನು.”

ಮೊನ್ನೆ ಸಂಕ್ರಾಂತಿಯ ಮರುದಿನ ಮತ್ತೆ ಅಲ್ಲಿಗೆ ಹೋಗಿದ್ದೆ. ಮೈಕ್ರೋಮೀಟರು ಕಪಾಟಿನಿಂದ ಹೊರಬಂದು ಮೇಜಿನ ಮೇಲಿತ್ತು. ಖಾನಾಪುರದ ಆ ಹುಡುಗ ಹೋಗಿಲ್ಲ. ನಕಾಶೆಯನ್ನು ಹರಡಿಕೊಂಡು ಹೊಸಬನೊಬ್ಬನಿಗೆ ಅಳತೆ ತೋರಿಸುತ್ತಿದ್ದ. ಸುಮ್ಮನಿದ್ದ ಮೂರು ಯಂತ್ರಗಳಲ್ಲಿ ಒಂದು ತಿರುಗುತ್ತಿದೆ. ಉಳಿದೆರಡು ಇನ್ನೂ ಕಾಯುತ್ತಿವೆ. ಈ ಹುಡುಗನೂ ಒಂದು ದಿನ ಹೋಗಬಹುದೆಂದು ಗೆಳೆಯರಿಗೆ ಗೊತ್ತು. “ಹೋಗುವಾಗ ಹೇಳಿ ಹೋಗು, ನಿನ್ನ ಜಾಗಕ್ಕೆ ಒಬ್ಬನನ್ನು ಕಲಿಸಿ ಹೋಗು ಎಂದಿದ್ದೇನೆ” ಎಂದರು.

ಓದುಗ ಬಂಧುಗಳೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಅಂಗಡಿಯೋ ಸಣ್ಣ ಕಾರಖಾನೆಯೋ ಇದೆ. ಅಲ್ಲಿ ದುಡಿಯುವ ತರುಣನಿಗೆ ಏನನ್ನು ಕಲಿಸಿದ್ದೀರಿ, ಏನನ್ನು ಕಪಾಟಿನಲ್ಲಿಟ್ಟಿದ್ದೀರಿ ಎಂದು ಇಂದು ರಾತ್ರಿ ಒಮ್ಮೆ ನೆನೆದು ನೋಡಿರಿ. ಹಾಗೆಯೇ, ಈ ಬೇಸಿಗೆಯ ಲಗ್ನದ ಕಾಲದಲ್ಲಿ ನಿಮ್ಮ ಮನೆಗೆ ಒಬ್ಬ ಟರ್ನರನ ಜಾತಕ ಬಂದರೆ, ಅವನ ಕೈಯ ಬಣ್ಣವನ್ನು ಕೇಳುವ ಮೊದಲು ಅವನ ಗುಣವನ್ನು ಕೇಳಿರಿ. ನಾನು ಅಂದು ಕೇಳಿಯೂ ಮರೆತಿದ್ದೆ.