ಆರಾಧನೆಯ ಕನ್ನಡವೂ ಅದನ್ನು ಕಲಿಸಿದ ಗುರುಗಳೂ

ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮಿಶನರಿಗಳಿಗೆ ನಾವು ಕೊಟ್ಟಿರುವ ಸ್ಥಾನ ಚಿಕ್ಕದೇನಲ್ಲ. 1843ರ ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗನ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ, 1872ರ ‘ಶಬ್ದಮಣಿದರ್ಪಣ’ದ ಆವೃತ್ತಿ, 1875ರ ‘ಛಂದೋಂಬುಧಿ’, 1894ರ ನಿಘಂಟು, ಇವು ಎಂ.ಎ. ತರಗತಿಯ ಪ್ರಶ್ನೆಪತ್ರಿಕೆಗಳಲ್ಲಿ ವರ್ಷ ತಪ್ಪದೆ ಕಾಣಿಸಿಕೊಳ್ಳುವ ಹೆಸರುಗಳು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಬಂದ ಮೇಲೆ ಈ ಕ್ಷೇತ್ರದಲ್ಲಿ ಆಕರಗಳ ಕೊರತೆಯನ್ನು ಮುಂದೊಡ್ಡಿ ತಪ್ಪಿಸಿಕೊಳ್ಳುವುದಕ್ಕೂ ಅವಕಾಶ ಉಳಿದಿಲ್ಲ. ಆದರೂ ಒಂದು ಸಂಗತಿ ನಮ್ಮ ಕಣ್ಣಿನಿಂದ ಜಾರಿಹೋಗಿದೆ. ಬಾಸೆಲ್ ಮಿಶನ್ನಿನವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದದ್ದು ನಿಘಂಟು ಬರೆಯುವುದಕ್ಕಲ್ಲ. ಸಭೆಗಳನ್ನು ಕಟ್ಟುವುದು, ಕಟ್ಟಿದ ಸಭೆಗಳಲ್ಲಿ ಆರಾಧನೆ ನಡೆಸಬಲ್ಲ ಉಪದೇಶಿಗಳನ್ನೂ ಸಭಾಪಾಲಕರನ್ನೂ ಈ ನೆಲದವರಲ್ಲಿಯೇ ತಯಾರು ಮಾಡುವುದು ಅವರ ಉದ್ದೇಶವಾಗಿತ್ತು. ಅಂದರೆ ಅವರಲ್ಲಿ ಅನೇಕರು ಮೊದಲು ಮೇಷ್ಟರುಗಳು. ಗ್ರಂಥಸಂಪಾದಕರನ್ನು ನೆನೆಯುವ ನಾವು ಮೇಷ್ಟರುಗಳನ್ನು ಮರೆತಿದ್ದೇವೆ. ಅವರ ತರಗತಿಯಂತೂ ನಮಗೆ ಗೊತ್ತೇ ಇಲ್ಲ ಎನ್ನಬೇಕು.

ಈ ಮರೆವು ಕೇವಲ ಚರಿತ್ರೆಯ ಲೋಪವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆರಾಧನೆ ನಡೆಸುವವನು ವಾರಕ್ಕೊಮ್ಮೆಯಾದರೂ ಜನರ ಎದುರು ನಿಂತು ಕನ್ನಡದಲ್ಲಿ ಓದುತ್ತಾನೆ, ಪ್ರಾರ್ಥಿಸುತ್ತಾನೆ, ಹಾಡಿಸುತ್ತಾನೆ, ಪ್ರಸಂಗ ಮಾಡುತ್ತಾನೆ. ಅಕ್ಷರ ಬಾರದವರೂ ಕೇಳುವ, ಕೇಳಿ ಬಾಯಿಪಾಠ ಮಾಡಿಕೊಳ್ಳುವ ಗದ್ಯ ಇದು. ಸುಮಾರು ಒಂದೂಮುಕ್ಕಾಲು ಶತಮಾನದಿಂದ ಹೀಗೆ ಎಡೆಬಿಡದೆ ನುಡಿಯಲ್ಪಟ್ಟ ಗದ್ಯವೊಂದು ಕನ್ನಡದಲ್ಲಿದ್ದೂ ನಮ್ಮ ಗದ್ಯಚರಿತ್ರೆಗಳಲ್ಲಿ ಅದಕ್ಕೆ ಒಂದು ಪುಟವಿಲ್ಲ. (ಕರಾವಳಿಯಲ್ಲಿ ‘ಪ್ರಸಂಗ’ವೆಂದರೆ ಯಕ್ಷಗಾನದ ಕಥಾಭಾಗ, ಇಗರ್ಜಿಯಲ್ಲಿ ಅದೇ ಮಾತು ಧರ್ಮೋಪದೇಶಕ್ಕೆ ಸಲ್ಲುತ್ತದೆ. ಈ ಒಂದು ಶಬ್ದದ ಹಿಂದೆ ಹೋದರೂ ಒಂದು ಒಳ್ಳೆಯ ಲೇಖನವಾದೀತು.)

ಬಲ್ಮಠದ ಸೆಮಿನರಿ ರೂಪುಗೊಂಡದ್ದು 1840ರ ದಶಕದಲ್ಲಿ, ಮೋಗ್ಲಿಂಗನ ಆಸಕ್ತಿಯಿಂದ. 1844ರಲ್ಲಿ ಕ್ರೈಸ್ತನಾಗಿ ಮಂಗಳೂರಿನಲ್ಲಿ ದೊಡ್ಡ ಗದ್ದಲಕ್ಕೆ ಕಾರಣನಾದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲಿಗೆ ಹೋಗಿ ದೈವಜ್ಞಾನ ಕಲಿತು, ಹರ್ಮನ್ ಆನಂದರಾವ್ ಕೌಂಡಿನ್ಯನಾಗಿ ಹಿಂದಿರುಗಿ, ಇದೇ ಸೆಮಿನರಿಯಲ್ಲಿ ಪಾಠ ಹೇಳಿದ. ನನ್ನ ಮಟ್ಟಿಗೆ ಇದು ಸಣ್ಣ ಘಟನೆಯಲ್ಲ. ಅದುವರೆಗೆ ಜರ್ಮನ್ ಮನಸ್ಸು ಕನ್ನಡಕ್ಕೆ ತಿರುಗಿಸಿಕೊಂಡು ಹೇಳುತ್ತಿದ್ದುದನ್ನು ಈ ನಾಡಿನಲ್ಲಿಯೇ ಹುಟ್ಟಿಬೆಳೆದವನೊಬ್ಬ ಇಲ್ಲಿಯ ಮಾತಿನಲ್ಲಿ ಹೇಳುವಂತಾಯಿತು. ಪಾದ್ರಿಗಳಿಗೆ ಕನ್ನಡ ಕಲಿಸಿದ ಮುನ್ಶಿಗಳೂ ಪಂಡಿತರೂ ಇನ್ನೊಂದು ಕಡೆ ಇದ್ದರು. ಕ್ರೈಸ್ತರಾಗದೆ, ಸಂಬಳಕ್ಕೆ ದುಡಿದ ಇವರು ಗುರುಗಳ ಗುರುಗಳು. ಉಪದೇಶಿಯ ಬಾಯಲ್ಲಿ ಬಂದ ಸಂಸ್ಕೃತ ಶಬ್ದಗಳಲ್ಲಿ ಎಷ್ಟು ಪಾಲು ಇವರಿಂದ ಬಂದದ್ದೆಂಬುದು ವಿಚಾರ ಮಾಡತಕ್ಕ ವಿಷಯ.

ಶಬ್ದಗಳ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಪೂರ್ಣ ಬೈಬಲನ್ನು 1831ರ ವೇಳೆಗೆ ಕನ್ನಡಕ್ಕೆ ತಂದರು. ಮುಂದೆ ಅದು ಮತ್ತೆ ಮತ್ತೆ ಪರಿಷ್ಕಾರಗೊಂಡಿತು. ಈ ಪರಂಪರೆಯಲ್ಲಿ ನೆಲೆನಿಂತ ಶಬ್ದಗಳನ್ನು ನೋಡಿ: ದೀಕ್ಷಾಸ್ನಾನ, ಕೃಪೆ, ರಕ್ಷಣೆ, ಕರ್ತ, ಸುವಾರ್ತೆ, ಪ್ರವಾದಿ. ‘ದೀಕ್ಷೆ’ ಎಂಬ ಮಾತು ಉತ್ತರ ಕರ್ನಾಟಕದ ಕೇಳುಗನಿಗೆ ಲಿಂಗದೀಕ್ಷೆಯನ್ನು ನೆನಪಿಸದೆ ಇರಲಾರದು. ‘ಮುಕ್ತಿ’, ‘ಮೋಕ್ಷ’ಗಳನ್ನು ಬದಿಗಿಟ್ಟು ‘ರಕ್ಷಣೆ’ಯನ್ನು ಆರಿಸಿದಾಗ ಜನ್ಮಾಂತರದ ಕಲ್ಪನೆಯಿಂದ ದೂರ ಸರಿಯುವ ಎಚ್ಚರವಿತ್ತೆಂದು ತೋರುತ್ತದೆ. ಅನುವಾದಕ ಶಬ್ದವನ್ನು ಮುದ್ರಿಸಿ ಮುಗಿಸುತ್ತಾನೆ. ಅದಕ್ಕೆ ಜೀವ ಬರುವುದು, ಹಳೆಯ ಅರ್ಥವನ್ನು ಬಿಡಿಸಿ ಹೊಸ ಅರ್ಥವನ್ನು ತೊಡಿಸಬಲ್ಲ ಉಪದೇಶಿಯೊಬ್ಬ ಊರಿನ ನಡುವೆ ನಿಂತು ಆಡಿದಾಗ. ಆ ಬಿಡಿಸುವ ಕೆಲಸವನ್ನು ಅವನಿಗೆ ಕಲಿಸಿದವರು ಸೆಮಿನರಿಯ ಮೇಷ್ಟರು.

ವಾಕ್ಯರಚನೆಯಲ್ಲಿಯೂ ಇಂತಹುದೇ ಸಂಗತಿಯಿದೆ. ಪಶ್ಚಿಮದ ಪ್ರಾರ್ಥನೆಗಳು ಸಾಮಾನ್ಯವಾಗಿ ದೇವರನ್ನು ಮೊದಲು ಕರೆದು, ಆತನ ಗುಣಗಳನ್ನು ಆಮೇಲೆ ಹೇಳುತ್ತವೆ. ಕನ್ನಡದಲ್ಲಿ ಕೃದಂತ ಮೊದಲು ಬರುತ್ತದೆ: ಬೆಳಕನ್ನು ಉಂಟುಮಾಡಿದ, ಬಡವರ ಮೊರೆಯನ್ನು ಆಲಿಸುವ, ಎಂದು ಸಾಗಿ ಕೊನೆಗೆ ‘ತಂದೆಯೇ’ ಎಂಬಲ್ಲಿ ಮಾತು ನೆಲೆ ಮುಟ್ಟುತ್ತದೆ. ಕೇಳುವವನು ಹೆಸರಿಗಾಗಿ ಕಾಯಬೇಕು. ವಚನದ ಅಂಕಿತಕ್ಕೆ ಕಾದು ಅಭ್ಯಾಸವಿರುವ ಕಿವಿಗೆ ಇದು ಪರಕೀಯವೆನಿಸುವುದಿಲ್ಲ. ಭಾಷಾಂತರದ ಅನಿವಾರ್ಯತೆಯಿಂದ ಹುಟ್ಟಿದ ರಚನೆಯೊಂದು ಇಲ್ಲಿಯ ಭಕ್ತಿಯ ನಡಿಗೆಗೆ ಹೊಂದಿಕೊಂಡದ್ದು ಆಕಸ್ಮಿಕವಿರಬಹುದು. ಆದರೆ ಆ ಆಕಸ್ಮಿಕವನ್ನು ಬಳಸಿಕೊಂಡವರು ಯಾರು, ಬಳಸಿಕೊಳ್ಳದೆ ಹಾಳುಮಾಡಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಹಾಡಿನ ವಿಷಯದಲ್ಲಿ ಇಷ್ಟು ಸುಲಭವಾಗಲಿಲ್ಲ. ಜರ್ಮನ್ ಕೀರ್ತನೆಯ ಲಯ ಒತ್ತಿನ ಮೇಲೆ ನಿಂತದ್ದು. ನಮ್ಮದು ಮಾತ್ರೆ ಮತ್ತು ಗಣಗಳ ಮೇಲೆ ನಿಂತದ್ದು. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಭೇದದಿಂದ ಅರ್ಥವೇ ಬೇರೆಯಾಗುತ್ತದೆ. ಪರದೇಶದ ಧಾಟಿಗೆ ಕನ್ನಡದ ಸಾಲನ್ನು ಜಗ್ಗಿ ಕೂರಿಸಿದಾಗ, ಬಲವನ್ನು ಬೇಡುವವನು ಬಾಲವನ್ನು ಬೇಡಿದಂತಾಗುವ ಅಪಾಯವಿದೆ. ಇದನ್ನು ಚೆನ್ನಾಗಿ ಅರಿತವನು ಕಿಟ್ಟೆಲ್. 1862ರಲ್ಲಿ ಅವನು ಪ್ರಕಟಿಸಿದ ‘ಕಥಾಮಾಲೆ’ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಕಾವ್ಯ. ಹದಿಮೂರು ವರ್ಷಗಳ ಅನಂತರ ಬಂದ ‘ಛಂದೋಂಬುಧಿ’ಯ ಆವೃತ್ತಿಯನ್ನು ನಾವು ಶುದ್ಧ ವಿದ್ವತ್ತಿನ ಫಲವೆಂದು ಓದುತ್ತ ಬಂದಿದ್ದೇವೆ. ಅದರ ಹಿಂದೆ, ಜನ ಹಾಡಬಲ್ಲ ಕನ್ನಡ ಸಾಲು ಹೇಗಿರಬೇಕೆಂಬ ಆರಾಧನೆಯ ಪ್ರಶ್ನೆಯೂ ಕೆಲಸ ಮಾಡಿದೆಯೆಂದು ನನ್ನ ಊಹೆ. ಹಾಗಿದ್ದರೆ ನಿಘಂಟುಕಾರನನ್ನು ಪಾದ್ರಿಯಿಂದ ಬೇರ್ಪಡಿಸಿ ಓದುವ ನಮ್ಮ ರೂಢಿಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅವನ ವಿದ್ಯಾವ್ಯಸನ ಮಿಶನ್ನಿನ ಹಿರಿಯರಿಗೆ ಅಷ್ಟೇನೂ ಹಿಡಿಸಿರಲಿಲ್ಲವೆಂಬುದು ಈ ಕಥೆಯ ಇನ್ನೊಂದು ಮುಖ.

ಈಗ ಬಲ್ಮಠದಿಂದ ಬಹು ದೂರದ ಒಂದು ಸೀಮೆಗೆ ಹೋಗೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಭಾಗವನ್ನು, ಅದರಲ್ಲಿ ರಾಯಬಾಗ ತಾಲೂಕಿನ ಪಾಲಬಾವಿಯಂತಹ ಊರೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಾನು ಹೇಳುವುದು ಸ್ಪಷ್ಟವಾದೀತು. 1956ರವರೆಗೆ ಮುಂಬಯಿಗೆ ಸೇರಿದ್ದ, ಮರಾಠಿಯ ನೆರೆಯಲ್ಲಿ ಬೆಳೆದ ನಾಡು ಇದು. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ರಾತ್ರಿಯಿಡೀ ಕುಳಿತು ನೋಡಿದ, ಕೌಜಲಗಿ ನಿಂಗಮ್ಮನ ಹೆಸರನ್ನು ಇಂದಿಗೂ ನೆನೆಯುವ, ಭಜನೆ ತತ್ತ್ವಪದಗಳಲ್ಲಿ ಪಳಗಿದ ಕಿವಿಗಳ ನಾಡು. ‘ಬಂದಾನ’, ‘ಹೇಳ್ಯಾನ’ ಎನ್ನುವ ಮಂದಿಯ ಮುಂದೆ ಕರಾವಳಿಯ ಮುದ್ರಣಾಲಯದಿಂದ ಬಂದ ‘ಹೇಳಿದನು’ ಎಂಬ ಕನ್ನಡವನ್ನು ಹಿಡಿದು ನಿಲ್ಲುವವನ ಕಷ್ಟ ಏನಿರಬಹುದು? ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ 1820ರಲ್ಲಿಯೇ ಕೆಲಸ ಆರಂಭಿಸಿದ್ದ. 20ನೆಯ ಶತಮಾನದ ಆರಂಭದಲ್ಲಿ ಆ ಕ್ಷೇತ್ರ ಮೆಥಡಿಸ್ಟರ ಕೈಗೆ ಬಂದಿತು. ಈ ಜಿಲ್ಲೆಯ ಆರಾಧನೆಗೆ ಹೀಗೆ ಒಂದೇ ಮೂಲವಿಲ್ಲ, ಒಂದೇ ಪಾಠಶಾಲೆಯೂ ಇಲ್ಲ. ಬಂದವನು ಪುಸ್ತಕದ ಭಾಷೆಯನ್ನು ಎತ್ತಿ ಓದಿ, ಅರ್ಥವನ್ನು ಊರಿನ ಮಾತಿನಲ್ಲಿ ಬಿಡಿಸಬೇಕಾಗುತ್ತದೆ. ಎರಡು ಕನ್ನಡಗಳ ನಡುವಿನ ಈ ಓಡಾಟ ನಮ್ಮ ಉಪಭಾಷಾ ಅಧ್ಯಯನಕ್ಕೆ ಎಷ್ಟು ಒಳ್ಳೆಯ ಸಾಮಗ್ರಿ! ನಾವು ಮಾತ್ರ ಪಾರಿಜಾತದ ಮೇಲೆ ಪ್ರಬಂಧ ಬರೆಸಿದ್ದೇವೆ, ಅದನ್ನೇ ಕೇಳಿ ಬೆಳೆದು ಭಾನುವಾರ ಕೀರ್ತನೆ ಹಾಡಿದವರ ಕಡೆಗೆ ತಿರುಗಿ ನೋಡಿಲ್ಲ.

ನೆರೆಯ ಮರಾಠಿಯನ್ನು ನೋಡಿದರೆ ನಮ್ಮ ನಷ್ಟ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1895ರಲ್ಲಿ ಕ್ರೈಸ್ತನಾದ ಕವಿ ನಾರಾಯಣ ವಾಮನ ತಿಲಕ ಅಹಮದನಗರದಲ್ಲಿ ಉಪದೇಶಿಗಳಾಗುವವರಿಗೆ ಪಾಠ ಹೇಳಿದವನು. ವಾರಕರಿಗಳ ಅಭಂಗದ ದಾರಿಯಲ್ಲಿ ಕ್ರಿಸ್ತನನ್ನು ಹಾಡಿದವನೂ ಅವನೇ. ಅವನ ಹಾಡು ಇಗರ್ಜಿಯೊಳಗೂ ಇದೆ, ಮರಾಠಿ ಕಾವ್ಯದ ಚರಿತ್ರೆಯಲ್ಲೂ ಇದೆ. ಅವನನ್ನು ಒಳಗೆ ಕರೆದುಕೊಳ್ಳುವಾಗ ಮರಾಠಿ ವಿದ್ವಾಂಸರು ಅವನ ನಿಲುವಂಗಿಯನ್ನು ಬಾಗಿಲಲ್ಲಿ ಬಿಚ್ಚಿಸಲಿಲ್ಲ.

ನಾವು ಬಿಚ್ಚಿಸಿದ್ದೇವೆ. ಚನ್ನಪ್ಪ ಉತ್ತಂಗಿಯವರೇ (1881–1962) ಇದಕ್ಕೆ ಸಾಕ್ಷಿ. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಕಲಿತು, ಸಭೆಗಳ ಸೇವೆಯಲ್ಲಿ ಊರೂರು ಅಲೆದವರು ಅವರು. ಆ ಅಲೆದಾಟದಲ್ಲಿಯೇ ತ್ರಿಪದಿಗಳನ್ನು ಒಟ್ಟುಮಾಡಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರತಂದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ‘ತಿರುಳ್ಗನ್ನಡದ ತಿರುಕ’ನೆಂದು ಅವರನ್ನು ಕೊಂಡಾಡುವ ನಾವು, ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಬರೆದವರೂ ಅವರೇ ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ. ಪ್ರಸಂಗ ಮಾಡುವವನಿಗೆ ಕೇಳುಗನ ನಾಲಗೆಯ ಮೇಲಿರುವ ಮಾತು ಬೇಕು. ಸರ್ವಜ್ಞನಷ್ಟು ಈ ನಾಡಿನ ನಾಲಗೆಯ ಮೇಲಿದ್ದವನು ಇನ್ನಾರು? ಉತ್ತಂಗಿಯವರ ಸಂಶೋಧನೆ ಅವರ ಪಾದ್ರಿತನದ ಹೊರಗೆ ಬೆಳೆದದ್ದಲ್ಲ, ಅದರ ಒಳಗಿನಿಂದಲೇ ಬಂದದ್ದು. ಇಂತಹ ಒಬ್ಬನನ್ನು ಕೊಟ್ಟ ತರಗತಿಯಲ್ಲಿ ಕನ್ನಡ ಹೇಗೆ ನಡೆಯುತ್ತಿತ್ತು, ಏನನ್ನು ಓದಿಸುತ್ತಿದ್ದರು, ಯಾವುದನ್ನು ನಿಷೇಧಿಸುತ್ತಿದ್ದರು ಎಂದು ಕೇಳದೆ ಅವರ ಮೇಲೆ ಬರೆದ ಪ್ರಬಂಧ ಅರ್ಧ ಪ್ರಬಂಧ.

ನಿಷೇಧದ ಮಾತನ್ನು ಬೇಕೆಂದೇ ಆಡಿದ್ದೇನೆ. ಆ ತರಗತಿ ನಿಷ್ಕಳಂಕವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಜಾತ್ರೆಗಳಲ್ಲಿ ನಿಂತು ಊರವರ ದೇವರನ್ನು ಖಂಡಿಸುವುದನ್ನು ಉಪದೇಶಿ ಕಲಿತದ್ದು ಅಲ್ಲಿಯೇ. ತನ್ನ ತಾಯಿ ಹಾಡಿದ ಹಾಡನ್ನು ಸಂಶಯದಿಂದ ನೋಡುವುದನ್ನೂ ಅಲ್ಲಿಯೇ ಕಲಿತ. ಜಾತಿ ಮೀರಿ ಒಂದೇ ಪಂಕ್ತಿಯಲ್ಲಿ ಉಂಡದ್ದೂ ಅಲ್ಲಿಯೇ. ವಸಾಹತು ಕಾಲದ ಶಿಕ್ಷಣವನ್ನು ಕುರಿತು ಇಷ್ಟೊಂದು ಸಿದ್ಧಾಂತಗಳನ್ನು ಓದಿಕೊಂಡಿರುವ ನಮಗೆ, ಈ ಎಲ್ಲವೂ ಒಟ್ಟಿಗೆ ನಡೆದ ಒಂದು ಕೋಣೆಯೊಳಗೆ ಹೋಗಿ ನೋಡಲು ಏನು ಅಡ್ಡಿ? ಇದು ಮತಶಿಕ್ಷಣ, ವಿಶ್ವವಿದ್ಯಾಲಯಕ್ಕೆ ಸಂಬಂಧವಿಲ್ಲ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ವೀರಶೈವ ಮಠಗಳ ಪಾಠಶಾಲೆಗಳನ್ನೂ ಜೈನ ಭಟ್ಟಾರಕರ ಗ್ರಂಥಭಂಡಾರಗಳನ್ನೂ ಬಿಟ್ಟು ನಮ್ಮ ವಿಭಾಗಗಳಿಗೆ ಹಳಗನ್ನಡವೇ ಇರುತ್ತಿರಲಿಲ್ಲ.

ಕಥೋಲಿಕರ ದಾರಿ ಬೇರೆಯಾಗಿದ್ದರೂ ಬಂದು ನಿಂತ ಜಾಗ ದೂರವೇನಲ್ಲ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಷ್ಟು ಹಳೆಯದು. ಆದರೆ ಪೂಜೆಯ ಭಾಷೆ ಬಹುಕಾಲ ಲ್ಯಾಟಿನ್ ಆಗಿತ್ತು. ಎರಡನೆಯ ವ್ಯಾಟಿಕನ್ ಸಭೆಯು ಆರಾಧನೆಯ ಬಗ್ಗೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಶಾಸನ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1967ರಲ್ಲಿ ಡಿ.ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಆರಾಧನೆಯನ್ನು ಭಾರತೀಯಗೊಳಿಸುವ ಕೆಲಸಕ್ಕೆ ತೊಡಗಿತು. 1969ರಲ್ಲಿ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಇವೆಲ್ಲ ಇದ್ದವು. ಗಮನಿಸಬೇಕು: ಇವು ಅಂಗಚರ್ಯೆಗಳು. ಭಾಷೆಯ ಒಳಗನ್ನು ಭಾರತೀಯವಾಗಿಸುವುದು, ಎಂದರೆ ಕನ್ನಡದ ಮಟ್ಟಿಗೆ ಕನ್ನಡವಾಗಿಸುವುದು, ಅಷ್ಟು ಬೇಗ ಆಗುವ ಕೆಲಸವಲ್ಲ. ಮನೆಮಾತು ಕೊಂಕಣಿಯೋ ತಮಿಳೋ ಮಲಯಾಳವೋ ಆಗಿರುವ ವಿದ್ಯಾರ್ಥಿಗೆ ಪೂಜೆಯ ಕನ್ನಡವನ್ನು ಕಲಿಸುವ ಮೇಷ್ಟರ ಹೊಣೆ ನಮ್ಮ ಯಾವ ಅಧ್ಯಾಪಕರ ಹೊಣೆಗಿಂತಲೂ ಹಗುರವಲ್ಲ.

ಕರ್ನಾಟಕ ಥಿಯಾಲಜಿಕಲ್ ಕಾಲೇಜು 1965ರಿಂದ ಬಲ್ಮಠದ ಪರಂಪರೆಯನ್ನು ಮುಂದುವರಿಸುತ್ತಿದೆ. ಆ ಹಳೆಯ ಸೆಮಿನರಿಯಲ್ಲಿ ಕಲಿಸಿ, ಅದರ ಪ್ರಾಂಶುಪಾಲರಾಗಿದ್ದ ಸ್ಟ್ಯಾನ್ಲಿ ಸಮರ್ಥ (1920–2001) ಮುಂದೆ ಜಿನೀವಾದಲ್ಲಿ ವಿಶ್ವ ಚರ್ಚುಗಳ ಮಂಡಳಿಯ ಅಂತರ್ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕಾರ್ಕಳದ ಈ ಮನುಷ್ಯನ ಗ್ರಂಥಗಳು ಜಗತ್ತಿನ ದೈವಜ್ಞಾನ ವಿದ್ಯಾರ್ಥಿಗಳ ಕೈಯಲ್ಲಿವೆ; ಪ್ರಸಿದ್ಧವಾದವೆಲ್ಲ ಇಂಗ್ಲಿಷಿನಲ್ಲಿವೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಂತಹ ವಿಚಾರವನ್ನು ಕನ್ನಡದಲ್ಲಿ ಬರೆದಿದ್ದರೆ ಓದುವವರು ಯಾರಿದ್ದರು? ದೈವಜ್ಞಾನದ ಪದವಿಗಳನ್ನು ನೀಡುವ ಸೆರಾಂಪುರದ ವ್ಯವಸ್ಥೆ ಅಖಿಲ ಭಾರತದ್ದು, ಅದರ ಆಕರಗ್ರಂಥಗಳು ಬಹುಪಾಲು ಇಂಗ್ಲಿಷಿನವು. ಸೆಮಿನರಿಯ ಅಧ್ಯಾಪಕ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಪ್ರಸಂಗ ಮಾಡಬೇಕಾದವನನ್ನು ತಯಾರು ಮಾಡುತ್ತಾನೆ. ಅವನಿಗೆ ಕನ್ನಡ ವಿಭಾಗಗಳಿಂದ ಸಿಕ್ಕಿರುವ ನೆರವು ಏನು? ಛಂದಸ್ಸು ಗೊತ್ತಿರುವವರು ನಾವು, ವಚನ ಕೀರ್ತನೆಗಳ ಬಂಧ ಗೊತ್ತಿರುವವರು ನಾವು, ಉಪಭಾಷೆಗಳ ನಕ್ಷೆ ಬರೆದವರು ನಾವು. ಅಲ್ಲಿ ಹಾಡು ಕಟ್ಟುವ ಹುಡುಗರು ಮೊಬೈಲಿನಲ್ಲಿ ಕೇಳಿದ ಇಂಗ್ಲಿಷ್, ತಮಿಳು ಹಾಡುಗಳ ಧಾಟಿಗೆ ಕನ್ನಡದ ಮಾತನ್ನು ತುರುಕುತ್ತಿದ್ದಾರೆಂದು ಮೂಗು ಮುರಿಯುವ ಮೊದಲು, ಭೋಗಷಟ್ಪದಿಯ ನಡೆಯನ್ನು ಅವರಿಗೆ ಒಂದು ಸಂಜೆ ಹೋಗಿ ಹೇಳಿಕೊಟ್ಟವರು ನಮ್ಮಲ್ಲಿ ಎಷ್ಟು ಜನ?

ಸೆಮಿನರಿಯವರ ಮೇಲೂ ದೂರಿದೆ. ಹಳೆಯ ಪಾಠದ ಟಿಪ್ಪಣಿಗಳು, ಉಪದೇಶಿಗಳ ಕೈಬರಹದ ಪ್ರಸಂಗಗಳು, ಮನೆಮನೆಗೆ ಹೋಗಿ ಓದಿ ಹೇಳಿದ ಬೈಬಲ್ ಹೆಂಗಸರ ಹಾಡಿನ ಪುಸ್ತಕಗಳು, ಇವುಗಳನ್ನು ಬಳಸಿ ಮುಗಿದ ವಸ್ತುಗಳೆಂದು ಭಾವಿಸುವ ರೂಢಿ ಸಭೆಗಳಲ್ಲಿದೆ. ಮುದ್ರಿತವಾದದ್ದು ಗ್ರಂಥಾಲಯ ಸೇರುತ್ತದೆ. ಕೈಬರಹ ಮನೆಯ ಅಟ್ಟ ಸೇರಿ, ಅಲ್ಲಿಂದ ಗೆದ್ದಲಿಗೆ ಹೋಗುತ್ತದೆ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವ ನಮ್ಮ ಪಿಎಚ್.ಡಿ. ವಿದ್ಯಾರ್ಥಿಗಳು ಡೊಳ್ಳಿನ ಹಾಡು, ಗೀಗೀಪದಗಳನ್ನು ಕೇಳಿಕೊಂಡು ಹೋದ ಓಣಿಯಲ್ಲಿಯೇ ಇಗರ್ಜಿಯ ಬಾಗಿಲನ್ನೂ ತಟ್ಟಲಿ. ಹಾಡಿನ ಕೈಬರಹದ ಪುಸ್ತಕವೊಂದು ಸಿಕ್ಕರೆ ಹಾಡಿಗಿಂತ ಮೊದಲು ಅದರ ತಲೆಯ ಮೇಲೆ ಬರೆದಿರಬಹುದಾದ ಧಾಟಿಯ ಹೆಸರನ್ನು ನೋಡಲಿ. ಅದು ಜರ್ಮನ್ ಕೀರ್ತನೆಯದೋ, ಮರಾಠಿ ಅಭಂಗದ್ದೋ, ಪಾರಿಜಾತದ ಯಾವುದಾದರೂ ಪದದ್ದೋ ಎಂಬುದನ್ನು ಗುರುತುಮಾಡಿಕೊಂಡು ಬರಲಿ.